ಮೆಟ್ಟಿಲ ಕೆಳಗಿನ ಕೌನ್ಸೆಲಿಂಗ್ ರೂಮು

ನಗಬಾರದ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಮಸ್ಕತ್ತಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಕೌನ್ಸೆಲರ್. ಎದುರು ಕೂತವರು ಏನೇ ಹೇಳಲಿ, ಮುಖವನ್ನು ಗಂಭೀರವಾಗಿ ಇಟ್ಟುಕೊಂಡು "ಹೌದಾ, ಆಮೇಲೆ?" ಅನ್ನಬೇಕು. ಆದರೆ ಬೆಳಗಾದರೆ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ತುಟಿ ಕಚ್ಚಿ ಕಚ್ಚಿ ದಿನ ಕಳೆದು, ಸಂಜೆ ಅಲ್ ಮಬೇಲಾದ ಮನೆಗೆ ಬಂದವಳು ಚಪ್ಪಲಿ ಬಿಚ್ಚುವ ಮೊದಲೇ ನಗಲು ಶುರುಮಾಡುತ್ತೇನೆ. ಘಾಲಾದ ಗೋಡೌನ್ ಒಂದರಲ್ಲಿ ಕೆಲಸ ಮಾಡುವ ನನ್ನ ಗಂಡ, "ಮೊದಲು ನಿನ್ನನ್ನು ಯಾರಿಗಾದರೂ ತೋರಿಸಬೇಕು ಮಾರಾಯ್ತಿ" ಅನ್ನುತ್ತಾರೆ.

ನಮ್ಮ ಶಾಲೆಯಲ್ಲಿ ಮಲಯಾಳಿಗಳೇ ಜಾಸ್ತಿ. ಆದರೆ ನನ್ನ ಬಾಗಿಲಿಗೆ ಬರುವ ತಂದೆತಾಯಿಗಳು ಹೆಚ್ಚಾಗಿ ನಮ್ಮ ಮಂಗಳೂರು, ಉಡುಪಿ ಕಡೆಯವರು. ಮಕ್ಕಳ ವಿಷಯ ಇಂಗ್ಲಿಷಿನಲ್ಲಿ ಹೇಳಬಹುದು, ಮಕ್ಕಳ ಮೇಲಿನ ಸಿಟ್ಟನ್ನು ಇಂಗ್ಲಿಷಿನಲ್ಲಿ ಹೇಳಿದರೆ ತೃಪ್ತಿ ಆಗುವುದಿಲ್ಲವಲ್ಲ, ಅದಕ್ಕೆ.

ಚೆಂಡು ಕೇಳಲು ಬಂದವರು

ನನಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಒಂದು ಸಣ್ಣ ರೂಮು. ಅದು ಮೊದಲು ಪಿಟಿ ಮಾಷ್ಟ್ರ ಸ್ಟೋರು. ಚೆಂಡು, ಬಲೆ, ಹಗ್ಗ, ಹರಿದ ಬೂಟು ಎಲ್ಲ ಅಲ್ಲಿತ್ತು. ಕಾರ್ಕಳದವರಾದ ಪಿಟಿ ಮಾಷ್ಟ್ರು ಒಳ್ಳೆಯ ಮನುಷ್ಯರೇ. ಆದರೆ ಆ ರೂಮು ಕೈತಪ್ಪಿದ ಸಂಕಟ ಅವರಿಗೆ ಇನ್ನೂ ಹೋಗಿರಲಿಲ್ಲ. ಪ್ರಿನ್ಸಿಪಾಲ್ ಮೇಡಂ ಒಂದು ಒಪ್ಪಂದ ಮಾಡಿದರು: "ಅರ್ಧ ವರ್ಷ ನೋಡೋಣ. ಮಕ್ಕಳು ಬಂದರೆ ರೂಮು ನಿಮಗೆ. ಬಾರದಿದ್ದರೆ ವಾಪಸ್ ಪಿಟಿಗೆ. ಕಮಿಟಿಯವರು ಬಂದು ತೀರ್ಮಾನ ಮಾಡುತ್ತಾರೆ."

ಬಾಗಿಲಿಗೆ ಬೋರ್ಡು ಹಾಕಿದೆವು. ಅಷ್ಟೇ, ಮಕ್ಕಳು ಆ ಬಾಗಿಲ ಮುಂದೆ ನಡೆಯುವುದನ್ನೇ ಬಿಟ್ಟರು, ಓಡತೊಡಗಿದರು. ಒಳಗೆ ಹೋದವರಿಗೆ ತಲೆ ಸರಿ ಇಲ್ಲ ಎಂದು ಸ್ಕೂಲ್ ಬಸ್ಸಿನಲ್ಲೆಲ್ಲ ಸುದ್ದಿ. ನಾನು ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ ಇಟ್ಟುಕೊಂಡು ಗಿರಾಕಿ ಇಲ್ಲದ ಅಂಗಡಿಯವಳಂತೆ ಕೂತೆ.

ನಾಲ್ಕನೇ ದಿನ ಆರನೇ ಕ್ಲಾಸಿನ ಮೂವರು ಬಾಗಿಲು ತೆಗೆದು ಒಳಗೇ ಬಂದುಬಿಟ್ಟರು. ನನಗೆ ಆನಂದಬಾಷ್ಪ ಬರುವುದೊಂದು ಬಾಕಿ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಏನು ಹೇಳಬೇಕು ಅನಿಸ್ತದೆ?"

"ಮ್ಯಾಮ್, ಫುಟ್‌ಬಾಲ್."

"ಫುಟ್‌ಬಾಲ್ ಬಗ್ಗೆ ಮನಸ್ಸಿಗೆ ಬೇಜಾರಾ?"

"ಇಲ್ಲ ಮ್ಯಾಮ್. ಫುಟ್‌ಬಾಲ್ ಕೊಡಿ."

ಆ ವಾರ ಬಂದವರೆಲ್ಲ ಚೆಂಡಿಗೇ ಬಂದವರು. ನಾನೂ ಬಿಡುವವಳಲ್ಲ. ಮಬೇಲಾದ ಅಂಗಡಿಯಿಂದ ಒಂದು ಚೆಂಡು ತಂದು ಮೇಜಿನ ಕೆಳಗಿಟ್ಟೆ. "ಐದು ನಿಮಿಷ ಕೂತು ಮಾತಾಡಿದವರಿಗೆ ಚೆಂಡು" ಎಂದೆ. ವ್ಯಾಪಾರ ಜೋರಾಯಿತು. ಎರಡೇ ದಿನಕ್ಕೆ ಪಿಟಿ ಮಾಷ್ಟ್ರು ಬಾಗಿಲಲ್ಲಿ ನಿಂತರು. "ಇದೆಂತದು ಮೇಡಂ? ನನ್ನ ಪೀರಿಯಡ್‌ನಲ್ಲಿ ಬಾಲ್ ಕೊಡ್ಲಿಕ್ಕೆ ಹೋದ್ರೆ, ಮೊದಲು ನಮ್ಮ ಕಷ್ಟ ಕೇಳಿ ಸರ್ ಅಂತಾರೆ!"

ಖುಷಿಗೆ ಎಷ್ಟು ಮಾರ್ಕು?

ಈ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮಕ್ಕಳ ಮನಸ್ಸು ಹೇಗಿದೆ ಎಂದು ತಿಳಿಯಲು ಐದನೇ ಕ್ಲಾಸಿಗೆ ಹತ್ತು ಪ್ರಶ್ನೆ ಕೊಟ್ಟೆ. ಶಾಲೆಗೆ ಬರಲು ಖುಷಿಯಾ? ರಾತ್ರಿ ನಿದ್ದೆ ಬರುತ್ತದಾ? ಬೇಜಾರಾದರೆ ಯಾರಿಗೆ ಹೇಳುತ್ತೀ? ಅಲ್ಲಿಗೆ ನಿಲ್ಲಿಸಬೇಕಿತ್ತು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಹತ್ತರಲ್ಲಿ ಇಷ್ಟು ಎಂದು ಬರೆದು ಮನೆಗೆ ಕಳಿಸಿದೆ.

ಮುಂದಿನ ಪೇರೆಂಟ್ಸ್ ಮೀಟಿಂಗಿನ ದಿನ ನನ್ನ ಬಾಗಿಲಲ್ಲಿ ಕ್ಯೂ. ಗಣಿತದ ಟೀಚರ ಎದುರು ಕೂಡ ಅಷ್ಟು ಜನ ಇರಲಿಲ್ಲ.

ಮೊದಲು ಬಂದ ತಾಯಿ ಚೀಟಿ ಮೇಜಿನ ಮೇಲಿಟ್ಟರು. "ಟೀಚರ್, ನನ್ನ ಮಗಳಿಗೆ ಖುಷಿಯಲ್ಲಿ ಆರು. ಮೇಲಿನ ಫ್ಲ್ಯಾಟಿನ ಹುಡುಗಿಗೆ ಒಂಬತ್ತು. ಇಬ್ಬರೂ ಒಂದೇ ಬಸ್ಸು, ಒಂದೇ ಡ್ಯಾನ್ಸ್ ಕ್ಲಾಸು. ಇವಳಿಗೆ ಎಲ್ಲಿ ಕಟ್ಟಾಯ್ತು?"

"ಇದು ಪರೀಕ್ಷೆ ಅಲ್ಲ ಅಮ್ಮಾ..."

"ಅದು ಗೊತ್ತುಂಟು. ಆದ್ರೂ ರೀಚೆಕಿಂಗ್ ಇಲ್ವಾ?"

ಮಗಳು ಪಕ್ಕದಲ್ಲೇ ನಿಂತಿದ್ದಳು. "ಆರು ಮಾರ್ಕಿನ ಖುಷಿಯೂ ಈಗ ಇಲ್ಲ ಮ್ಯಾಮ್" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು.

ನಾನು ಎಲ್ಲರಿಗೂ ಕೈಮುಗಿದು, ಇನ್ನು ನಂಬರ್ ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ಎರಡು ತಿಂಗಳ ನಂತರ ನಂಬರಿಲ್ಲದೆ ಅದೇ ಪ್ರಶ್ನೆಗಳನ್ನು ಮತ್ತೆ ಕೊಟ್ಟೆ. ಉತ್ತರ ನೋಡಿದರೆ ಹನ್ನೊಂದು ಮಕ್ಕಳದ್ದು ಅಕ್ಷರಕ್ಕೆ ಅಕ್ಷರ ಒಂದೇ. "ನನ್ನ ತಂದೆತಾಯಿ ನನ್ನನ್ನು ಅರ್ಥಮಾಡಿಕೊಳ್ಳುತ್ತಾರೆ. ನನ್ನ ತಮ್ಮನೂ ನನ್ನನ್ನು ಪ್ರೀತಿಸುತ್ತಾನೆ. ಆದ್ದರಿಂದ ನಾನು ಖುಷಿಯಾಗಿದ್ದೇನೆ." ವಿಚಾರಿಸಿದರೆ, ಹನ್ನೊಂದೂ ಮಕ್ಕಳು ನಮ್ಮ ಮಬೇಲಾದ ಒಂದೇ ಟ್ಯೂಷನ್ನಿಗೆ ಹೋಗುವವರು. ಅಲ್ಲಿ ಉತ್ತರ ಬಾಯಿಪಾಠ ಮಾಡಿಸಿದ್ದರು. ಆ ಹನ್ನೊಂದರಲ್ಲಿ ಐವರಿಗೆ ತಮ್ಮನೇ ಇಲ್ಲ.

ಊಟಕ್ಕೆ ಮೊದಲಾ, ಆಮೇಲಾ?

ಘಾಲಾದಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರೊಬ್ಬರು ಬಂದರು. ಊರು ಉಪ್ಪಿನಂಗಡಿ ಕಡೆ. ಎಂಟನೇ ಕ್ಲಾಸಿನ ಮಗಳು ಮನೆಯಲ್ಲಿ ಬಾಯಿಯೇ ಬಿಡುವುದಿಲ್ಲ, ರೂಮಿನ ಬಾಗಿಲು ಹಾಕಿಕೊಂಡರೆ ಮುಗಿಯಿತು ಎಂದು ಅವರ ಚಿಂತೆ.

"ನೀವು ಅವಳ ಹತ್ತಿರ ದಿನಾ ಎಷ್ಟು ಹೊತ್ತು ಮಾತಾಡ್ತೀರಿ?" ಕೇಳಿದೆ.

ಅವರು ಯೋಚಿಸಿದರು. "ಫೀಸು ಕಟ್ಟುವ ದಿವಸ ಮಾತಾಡ್ತೇನೆ ಟೀಚರೇ."

"ದಿನಾ ಹತ್ತು ನಿಮಿಷ ಮಾತಾಡಿ. ಮಾರ್ಕು, ಫೀಸು ಬೇಡ. ಇವತ್ತು ಹೇಗಿದ್ದೀ, ಏನಾಯ್ತು, ಅಷ್ಟೇ."

ಅವರು ಜೇಬಿನಿಂದ ಪೆನ್ನು ತೆಗೆದು ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಂಡರು. "ದಿನಕ್ಕೆ ಒಂದು ಸಲ, ಹತ್ತು ನಿಮಿಷ. ಊಟಕ್ಕೆ ಮೊದಲಾ, ಆಮೇಲಾ?"

ನಾನು ತುಟಿ ಕಚ್ಚಿಕೊಂಡು, "ಯಾವಾಗ ಆದ್ರೂ ಆಗ್ತದೆ" ಎಂದೆ.

ಮನುಷ್ಯ ಮಾತಿಗೆ ತಪ್ಪುವವರಲ್ಲ. ಮೊಬೈಲಿನಲ್ಲಿ ಸಂಜೆ ಆರಕ್ಕೆ ಅಲಾರಂ ಇಟ್ಟರು. ಅಲಾರಂ ಹೊಡೆದರೆ ಅಂಗಡಿಯಲ್ಲಿ ಯಾರಿದ್ದರೂ "ಖಲಾಸ್, ಹತ್ತು ನಿಮಿಷ" ಎಂದು ಕೈ ಎತ್ತಿ ಮಗಳಿಗೆ ಫೋನು. ಒಂದು ದಿನ ಬ್ರೇಕ್ ಪ್ಯಾಡಿಗೆ ಕಾದು ನಿಂತಿದ್ದ ಒಮಾನಿ ಅಜ್ಜ, ಏನು ಅಷ್ಟು ಅರ್ಜೆಂಟು ಎಂದು ಕೇಳಿದರಂತೆ. ಇವರು ವಿವರಿಸಿದರು. ಆ ಅಜ್ಜ ಅಲ್ಲೇ ಸ್ಟೂಲಿನ ಮೇಲೆ ಕೂತು, ತನ್ನ ಏಳು ಮಕ್ಕಳಿಗೂ ಒಬ್ಬೊಬ್ಬರಿಗೇ ಫೋನು ಮಾಡಿ, ಎಲ್ಲರ ಸುಖದುಃಖ ಕೇಳಿ, ಬ್ರೇಕ್ ಪ್ಯಾಡು ಮರೆತು ಹೋದರಂತೆ.

ಮೂರನೇ ವಾರ ಮಗಳೇ ನನ್ನ ಹತ್ತಿರ ಬಂದಳು. "ಮ್ಯಾಮ್, ಪ್ಲೀಸ್, ಆ ಹತ್ತು ನಿಮಿಷ ಕಡಿಮೆ ಮಾಡಿ. ಪಪ್ಪ ದಿನಾ ಆರಕ್ಕೆ ಸರಿಯಾಗಿ 'ಈಗ ನಿನ್ನ ಮನಸ್ಸಿನಲ್ಲಿ ಏನುಂಟು' ಅಂತ ಕೇಳ್ತಾರೆ. ನನ್ನ ಮನಸ್ಸಿನಲ್ಲಿ ಇದ್ದದ್ದೆಲ್ಲ ಮುಗಿಯಿತು ಮ್ಯಾಮ್." ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಬಾಯಿಯೇ ಬಿಡದ ಹುಡುಗಿ ಅರ್ಧ ಗಂಟೆ ಅಪ್ಪನ ವಿಷಯವನ್ನೇ ಹೇಳಿದಳು. ನನಗೆ ತುಂಬಾ ಸಂತೋಷವಾಯಿತು.

ಅಪ್ಪನಿಗೆ ಫೋನು ಮಾಡಿ, "ಈಗ ಅವಳು ಚೆನ್ನಾಗಿದ್ದಾಳೆ. ಇನ್ನು ವಾರಕ್ಕೆ ಮೂರು ದಿನ ಸಾಕು" ಎಂದೆ.

ಆ ಕಡೆಯಿಂದ ಆತಂಕದ ಸ್ವರ: "ಅಲ್ಲ ಟೀಚರೇ, ಕೋರ್ಸು ಪೂರ್ತಿ ಮಾಡದೆ ಮಧ್ಯದಲ್ಲಿ ನಿಲ್ಲಿಸಿದ್ರೆ ಪುನಃ ಜೋರಾಗ್ತದಲ್ವಾ?"

ದೀಪದ ಬುಡ

ಊರಿನ ಮಕ್ಕಳೊಂದಿಗೆಲ್ಲ ತಾಳ್ಮೆಯಿಂದ ಮಾತಾಡುವವಳು ಮನೆಯಲ್ಲಿ ಹೇಗೆ ಎಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಒಂದು ಸಂಜೆ ನನ್ನ ಮಗಳು ಯೂನಿಫಾರ್ಮಿನಲ್ಲೇ ಸೋಫಾದ ಮೇಲೆ ಬಿದ್ದುಕೊಂಡು, ಟಿಫಿನ್ ಡಬ್ಬಿಯಲ್ಲಿ ಮೂರು ದಿನದ ಹಿಂದಿನ ಇಡ್ಲಿ ಹಾಗೇ ಇಟ್ಟಿದ್ದಳು. ಡಬ್ಬಿ ತೆಗೆದ ನಾನು ಶುರುಮಾಡಿದೆ. ಪಕ್ಕದ ಫ್ಲ್ಯಾಟಿನವರು ಟಿವಿ ಸಣ್ಣ ಮಾಡಿದ್ದು ನನಗೂ ಕೇಳಿಸಿತು.

ಮಗಳು ಎದ್ದು ಕೂತು, ಕೈಜೋಡಿಸಿ, "ಅಮ್ಮಾ ಪ್ಲೀಸ್, ಸ್ಕೂಲಿನ ವಾಯ್ಸಲ್ಲಿ ಬೈಯಿ" ಅಂದಳು.

ಭಾನುವಾರದ ಹೊಟ್ಟೆನೋವು

ಇಲ್ಲಿ ವಾರ ಶುರುವಾಗುವುದು ಭಾನುವಾರ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಗೆ ಪ್ರತಿ ಭಾನುವಾರ ಬೆಳಿಗ್ಗೆ ಹೊಟ್ಟೆನೋವು. ತಾಯಿ ಕಾಪು ಕಡೆಯ ತುಳು ಮಾತಾಡುವ ಹೆಂಗಸು. ಓಮದ ಕಷಾಯ ಕೊಟ್ಟರು, ಮಜ್ಜಿಗೆ ಕೊಟ್ಟರು, ಸ್ಕ್ಯಾನಿಂಗೂ ಆಯಿತು. ಹೊಟ್ಟೆಯಲ್ಲಿ ಏನೂ ಇಲ್ಲ. ಡಾಕ್ಟರೇ "ಶಾಲೆಯಲ್ಲಿ ಕೇಳಿ" ಎಂದು ನನ್ನ ಹತ್ತಿರ ಕಳಿಸಿದ್ದರು.

ಭಾನುವಾರದ ಮೊದಲ ಪೀರಿಯಡ್ ಅವಳು ನನ್ನ ರೂಮಿನಲ್ಲಿ ಕೂರಲಿ ಎಂದೆ. ಮೂರು ಭಾನುವಾರ ಚಿತ್ರ ಬಿಡಿಸಿದಳು, ಮಾತಿಲ್ಲ. ಎರಡನೇ ಪೀರಿಯಡ್ ಬೆಲ್ಲಿಗೆ ಎದ್ದು ಕ್ಲಾಸಿಗೆ ಹೋಗುತ್ತಿದ್ದಳು. ನಾಲ್ಕನೇ ಭಾನುವಾರ ಬಣ್ಣ ಹಚ್ಚುತ್ತಾ, ತಲೆ ಎತ್ತದೆ ಹೇಳಿದಳು: "ಪಪ್ಪ ದೂರ ಸೂರ್‌ನ ಪ್ಲಾಂಟ್‌ಗೆ ಕೆಲಸಕ್ಕೆ ಹೋಗ್ತಾರೆ. ಗುರುವಾರ ಬರ್ತಾರೆ. ಶನಿವಾರ ಸಂಜೆ ಶೂ ಹಾಕ್ತಾರಲ್ಲ ಮ್ಯಾಮ್, ಆಗ ಸ್ಟಾರ್ಟ್ ಆಗ್ತದೆ."

ಇಷ್ಟು ಸಣ್ಣ ಹೊಟ್ಟೆಯಲ್ಲಿ ಇಷ್ಟು ದಿನ ಇದನ್ನು ಇಟ್ಟುಕೊಂಡಿತ್ತಲ್ಲ ಮಗು! ಈ ರೂಮು ಹೋದರೆ ಇವಳು ಭಾನುವಾರ ಎಲ್ಲಿ ಕೂರುತ್ತಾಳೆ ಎಂಬುದೇ ನನಗೆ ದೊಡ್ಡ ಚಿಂತೆಯಾಯಿತು. ಅಪ್ಪ ದಿನಾ ರಾತ್ರಿ ಸೂರ್‌ನಿಂದ ಒಂದು ಚಿತ್ರ ಬಿಡಿಸಿ ಕಳಿಸಬೇಕು, ಇವಳು ಒಂದು ಕಳಿಸಬೇಕು ಎಂದು ಏರ್ಪಾಡು ಮಾಡಿದೆವು. ನೋವು ಅರ್ಧ ಇಳಿಯಿತು.

ಆದರೆ ಕೀರ್ತಿ ಹೋದದ್ದು ಕಾಪುವಿನ ಅಜ್ಜಿಗೆ. ಅಜ್ಜಿ ಅಲ್ಲಿಂದಲೇ ವಿಡಿಯೋ ಕಾಲಿನಲ್ಲಿ ದೃಷ್ಟಿ ತೆಗೆಯುತ್ತಿದ್ದರು. ಉಪ್ಪು, ಮೆಣಸು, ಸಾಸಿವೆ ಮುಷ್ಟಿಯಲ್ಲಿ ಹಿಡಿದು, ಮೊಮ್ಮಗಳ ಮುಖ ಕಾಣುವ ಮೊಬೈಲಿಗೇ ಮೂರು ಸುತ್ತು. ಎರಡು ಸುತ್ತಾಗುವಾಗ ನೆಟ್‌ವರ್ಕ್ ನಿಂತರೆ ಪುನಃ ಒಂದರಿಂದ ಶುರು, ಅರ್ಧಕ್ಕೆ ಬಿಟ್ಟರೆ ದೋಷವಂತೆ.

ಒಂದು ಭಾನುವಾರ ತಾಯಿ ಮಗಳನ್ನು ಬಿಡಲು ಬಂದವರು ನನ್ನ ಕೈಗೇ ಫೋನು ಕೊಟ್ಟರು. "ಅತ್ತೆಗೆ ನಿಮ್ಮನ್ನು ನೋಡಬೇಕಂತೆ."

ಅಜ್ಜಿ ತುಳುವಿನಲ್ಲಿ, "ಟೀಚರ್ರೇ, ಈ ರೂಮು ಹೋಗ್ತದೆ ಅಂತ ಮಗು ಅಳ್ತದೆ. ನೀವೊಮ್ಮೆ ಅಲುಗಾಡದೆ ನಿಲ್ಲಿ. ರೂಮನ್ನೂ ತೋರಿಸಿ" ಎಂದರು. ಮನೋವಿಜ್ಞಾನದಲ್ಲಿ ಎಂಎ ಮಾಡಿದವಳು ನಾನು. ನಿಂತೆ. ರೂಮನ್ನೂ ತೋರಿಸಿದೆ. ಮೂರು ಸುತ್ತು ಮುಗಿಸಿ ಅಜ್ಜಿ ಮುಷ್ಟಿಯಲ್ಲಿದ್ದದ್ದನ್ನು ಒಲೆಯ ಕೆಂಡಕ್ಕೆ ಹಾಕಿ ಮೂಗಿನಲ್ಲಿ ಉಸಿರೆಳೆದು ನೋಡಿದರು. ಮೆಣಸಿನ ಘಾಟು ಬಾರದಿದ್ದರೆ ದೃಷ್ಟಿ ಬಿದ್ದದ್ದು ಖಂಡಿತ ಎಂದು ನಮ್ಮ ಕಡೆ ಲೆಕ್ಕ.

"ಚೂರೂ ಘಾಟಿಲ್ಲ ಟೀಚರ್ರೇ! ಈ ರೂಮಿನ ಮೇಲೆ ಯಾರದ್ದೋ ಭಾರೀ ಕಣ್ಣುಂಟು!"

ಹಿಂದೆ ತಿರುಗಿದರೆ ಬಾಗಿಲಲ್ಲಿ ಪಿಟಿ ಮಾಷ್ಟ್ರು, ಕೈಯಲ್ಲಿ ಅಳತೆ ಟೇಪು. ಕಾರ್ಕಳದವರಿಗೆ ತುಳು ಬಾರದೆ ಇರುತ್ತದಾ? ಟೇಪನ್ನು ಬೆನ್ನ ಹಿಂದೆ ಅಡಗಿಸಿ, ಫೋನಿನ ಕಡೆ ನೋಡಿ ಹೇಳಿದರು: "ನಾನು ಬರೀ ಅಳತೆ ನೋಡಿದ್ದು ಅಮ್ಮಾ, ಕಣ್ಣು ಹಾಕ್ಲಿಲ್ಲ!"

ಕಳೆದುಹೋದ ವಸ್ತುಗಳು

ಕೊನೆಗೆ ಕಮಿಟಿ ಬರುವ ದಿನ ಬಂತು. ಅದರ ಮೊದಲು ರಿಜಿಸ್ಟರಿನ ವಿಷಯ ಹೇಳಬೇಕು. ಯಾರು ಬಂದರು ಎಂಬುದಕ್ಕೆ ದಾಖಲೆ ಬೇಕು ಎಂದು ಪ್ರಿನ್ಸಿಪಾಲ್ ಮೇಡಂ ಒಂದು ರಿಜಿಸ್ಟರ್ ಕೊಟ್ಟಿದ್ದರು. ಹೆಸರು ಮಾತ್ರ ಬರೆಸುವುದಿಲ್ಲ ಎಂದು ನಾನು ಹಟ ಹಿಡಿದೆ. ದಿನಾಂಕ, ಕ್ಲಾಸು, ಬಂದ ಕಾರಣ, ಇಷ್ಟನ್ನು ಮಕ್ಕಳೇ ಬರೆಯಬೇಕು.

ಆದರೆ ಯಾವ ಮಗು ತಾನೇ "ಅಳು ಬರುತ್ತದೆ" ಎಂದು ಬರೆಯುತ್ತದೆ? ಒಂಬತ್ತನೇ ಕ್ಲಾಸಿನ ಒಬ್ಬಳು ಮೊದಲು ದಾರಿ ತೋರಿಸಿದಳು. "ಮ್ಯಾಮ್, ನನ್ನ ವಾಟರ್ ಬಾಟಲ್ ಕಳೆದಿದೆ, ಇಲ್ಲಿ ಉಂಟಾ?" ಬಾಟಲ್ ಅವಳ ಬ್ಯಾಗಿನ ಪಕ್ಕದ ಜೇಬಿನಲ್ಲೇ ಇತ್ತು. ಆದರೂ ಇಬ್ಬರೂ ಮೇಜಿನ ಕೆಳಗೆ ಬಗ್ಗಿ ಒಂದು ನಿಮಿಷ ಹುಡುಕಿದೆವು. ಆಮೇಲೆ ಅವಳು ಕುರ್ಚಿಯಲ್ಲಿ ಕೂತು, ಗೆಳತಿಯರು ಮೂರು ವಾರದಿಂದ ತನ್ನೊಂದಿಗೆ ಮಾತು ಬಿಟ್ಟಿದ್ದಾರೆ ಎಂದು ಬಿಕ್ಕಿದಳು. ಹೋಗುವಾಗ ರಿಜಿಸ್ಟರಿನಲ್ಲಿ "ಬಾಟಲ್ ಕಳೆದಿದೆ" ಎಂದು ಬರೆದಳು. ಈ ಉಪಾಯ ಶಾಲೆಗೆಲ್ಲ ಹಬ್ಬಿತು. ಕೌನ್ಸೆಲರ್ ಹತ್ತಿರ ಹೋದರೆ ಹುಚ್ಚು, ಸಾಮಾನು ಹುಡುಕಲು ಹೋದರೆ ಮರ್ಯಾದೆ. ರಿಜಿಸ್ಟರ್ ತುಂಬಿತು.

ಅಂದು ಮಧ್ಯಾಹ್ನ ಪ್ರಿನ್ಸಿಪಾಲ್ ಮೇಡಂ, ಕಮಿಟಿಯ ಅಧ್ಯಕ್ಷರು, ಪಿಟಿ ಮಾಷ್ಟ್ರು ಬಂದು ನಿಂತರು. ಅಧ್ಯಕ್ಷರು ನಮ್ಮ ಮಂಗಳೂರಿನವರೇ, ಕಂಪನಿಯೊಂದರಲ್ಲಿ ದೊಡ್ಡ ಮ್ಯಾನೇಜರು. ಮಗ ನಮ್ಮಲ್ಲೇ ಹತ್ತನೇ ಕ್ಲಾಸು. ಪ್ರತಿ ಮೀಟಿಂಗಿನಲ್ಲೂ ಅವರದ್ದು ಒಂದೇ ಮಾತು: "ನಮ್ಮ ಕಾಲದಲ್ಲಿ ಕೌನ್ಸೆಲಿಂಗ್ ಇತ್ತಾ? ಬೆತ್ತ ಇತ್ತು. ನಾವು ಸರಿಯಾಗ್ಲಿಲ್ವಾ?"

ರಿಜಿಸ್ಟರ್ ತೆರೆದು ಜೋರಾಗಿ ಓದತೊಡಗಿದರು. "ಪೆನ್ಸಿಲ್ ಬಾಕ್ಸ್ ಕಳೆದಿದೆ. ಟಿಫಿನ್ ಕಳೆದಿದೆ. ಒಂದು ಸಾಕ್ಸ್ ಕಳೆದಿದೆ. ಸ್ವೆಟರ್ ಕಳೆದಿದೆ..." ನಿಲ್ಲಿಸಿ ನನ್ನನ್ನು ನೋಡಿದರು. "ಮಸ್ಕತ್ತಿನಲ್ಲಿ ಸ್ವೆಟರಾ?"

ಪಿಟಿ ಮಾಷ್ಟ್ರು ಕೆಮ್ಮಿದರು.

"ಇಷ್ಟು ಸಾಮಾನಿನಲ್ಲಿ ಎಷ್ಟು ಸಿಕ್ಕಿತು ಮೇಡಂ?"

"ಸುಮಾರು ಸಿಕ್ಕಿದೆ ಸರ್."

"ಎಲ್ಲಿ? ತೋರಿಸಿ."

ನಾನು ಇಕ್ಕಟ್ಟಿಗೆ ಬಿದ್ದೆ. ಬಾಯಿ ಬಿಟ್ಟರೆ ಮಕ್ಕಳ ಗುಟ್ಟು ಹೋಗುತ್ತದೆ, ಬಿಡದಿದ್ದರೆ ರೂಮು ಹೋಗುತ್ತದೆ. ಭಾನುವಾರದ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಆದರೂ ಬಾಯಿ ಮುಚ್ಚಿಕೊಂಡೇ ನಿಂತೆ. ರೂಮು ಹೋದರೆ ಮೆಟ್ಟಿಲ ಮೇಲೆ ಕೂತಾದರೂ ಹುಡುಕಬಹುದು, ಮಕ್ಕಳ ನಂಬಿಕೆ ಹೋದರೆ ಹುಡುಕಲು ಯಾರೂ ಬರುವುದಿಲ್ಲ.

ಅಧ್ಯಕ್ಷರು ಪುಟ ತಿರುವಿದರು. "ಹತ್ತನೇ ಕ್ಲಾಸು, ಜ್ಯಾಮಿಟ್ರಿ ಬಾಕ್ಸ್ ಕಳೆದಿದೆ." ಇನ್ನೊಂದು ಪುಟ. "ಹತ್ತನೇ ಕ್ಲಾಸು, ಜ್ಯಾಮಿಟ್ರಿ ಬಾಕ್ಸ್ ಕಳೆದಿದೆ." ಮೂರನೇ ಸಲ ಅದೇ ಸಾಲು ಬಂದಾಗ ಸ್ವರ ಇಳಿಯಿತು. ನಾಲ್ಕನೆಯದನ್ನು ಓದಲೇ ಇಲ್ಲ, ಬೆರಳನ್ನು ಅದರ ಮೇಲಿಟ್ಟು ನೋಡಿ, ಉಳಿದ ಪುಟಗಳನ್ನು ಒಂದೊಂದಾಗಿ ತಿರುವಿದರು. ಹೆಸರಿಲ್ಲದಿದ್ದರೇನು, ಮಗನ ಅಕ್ಷರ ಅಪ್ಪನಿಗೆ ಗೊತ್ತಾಗದೆ ಇರುತ್ತದಾ?

"ಆರು ಸಲ" ಎಂದರು ಮೆಲ್ಲಗೆ. "ಜ್ಯಾಮಿಟ್ರಿ ಬಾಕ್ಸ್ ಮನೆಯಲ್ಲೇ ಮೇಜಿನ ಮೇಲೆ ಇರ್ತದಲ್ಲ."

ನಾನು ನನ್ನ ಚಪ್ಪಲಿ ನೋಡಿದೆ. ಅಧ್ಯಕ್ಷರು ರಿಜಿಸ್ಟರ್ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, ಮೀಟಿಂಗಿನ ಸ್ವರದಲ್ಲೇ ಹೇಳಿದರು: "ಮಕ್ಕಳು ಇಷ್ಟು ಸಾಮಾನು ಕಳೆದುಕೊಳ್ಳುವಾಗ ಈ ರೂಮು ಮುಚ್ಚುವುದು ಸರಿಯಲ್ಲ. ಇರಲಿ. ಖಾಯಂ ಇರಲಿ."

"ನನ್ನ ಬಲೆ ಎಲ್ಲಿಡುವುದು ಸರ್?" ಎಂದರು ಪಿಟಿ ಮಾಷ್ಟ್ರು.

"ಅದಕ್ಕೊಂದು ಕಪಾಟು ಮಾಡಿಸುವ. ಯಲ್ಲಾ, ಹೋಗುವ."

ಎಲ್ಲರೂ ಹೋದರು. ನಾನು ಕುರ್ಚಿಯಲ್ಲಿ ಕುಸಿದು, ಮೊದಲ ಸಲ ನನ್ನ ಟಿಶ್ಯೂ ಡಬ್ಬಿಗೆ ನಾನೇ ಕೈಹಾಕಿದೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಾಗಿಲು ಸ್ವಲ್ಪವೇ ತೆರೆಯಿತು. ಅಧ್ಯಕ್ಷರ ತಲೆ ಒಳಗೆ ಬಂತು. ಕಾರಿಡಾರಿನ ಎರಡೂ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ಪೂರ್ತಿ ಒಳಗೆ ಬಂದು ನಿಂತರು.

"ಮೇಡಂ, ನನ್ನ ಕಾರಿನ ಕೀ ಕಳೆದಿದೆ. ಇಲ್ಲೇ ಎಲ್ಲೋ ಬಿದ್ದಿರಬೇಕು."

ಕೀ ಅವರ ಬೆರಳಿನಲ್ಲೇ ನೇತಾಡುತ್ತಿತ್ತು.

ನಾನು ಎದ್ದು ಎದುರಿನ ಕುರ್ಚಿ ಎಳೆದುಕೊಟ್ಟೆ. "ಬಾಗಿಲು ಹಾಕಿ ಬನ್ನಿ ಸರ್. ಸಿಗಲು ಸ್ವಲ್ಪ ಹೊತ್ತು ಹಿಡೀತದೆ."